ಬೊಂಬಾಯಿ ಕೂಲಿ, ಅಹಮದಾಬಾದ್ ಖರ್ಚು

ಎಚ್‌ಆರ್ ಕೆಲಸದಲ್ಲಿರೋ ನನಗೆ ಆಗಾಗ ಎದುರಾಗೋ ಪ್ರಶ್ನೆ: "ಇದೇ ಕೆಲಸಕ್ಕೆ ಮುಂಬೈನಲ್ಲಿ ಜಾಸ್ತಿ ಕೊಡ್ತಾರಲ್ಲ, ಇಲ್ಲಿ ಯಾಕೆ ಕಮ್ಮಿ?" ನಾವು ಬಾಡಿಗೆ, ದಿನಸಿ, ಓಡಾಟದ ಖರ್ಚನ್ನೆಲ್ಲ ಒಂದು ಶೀಟಿಗೆ ಹಾಕಿ ಉತ್ತರ ಕೊಡ್ತೀವಿ. (ನಮ್ಮ ಸಂಬಳವೂ ಅದೇ ಶೀಟಿನಿಂದಲೇ ಬರೋದು, ಅದು ಬೇರೆ ಮಾತು.) ಈ ಲೆಕ್ಕ ಹೊಸದಲ್ಲ. 1918ರಲ್ಲಿ ಇದಕ್ಕಾಗಿ ಅಹಮದಾಬಾದಿನ ಗಿರಣಿಗಳೇ ನಿಂತಿದ್ದವು.

1917ರಲ್ಲಿ ಅಲ್ಲಿಗೆ ಪ್ಲೇಗ್ ಬಂತು. ಕೆಲಸಗಾರರು ಊರು ಬಿಡದಿರಲಿ ಅಂತ ಮಾಲೀಕರು ‘ಪ್ಲೇಗ್ ಬೋನಸ್’ ಕೊಟ್ಟರು. ಕೆಲವರಿಗೆ ಕೂಲಿಯ ಶೇ. 70-80ರಷ್ಟು. ಈಗಿನ ರಿಟೆನ್ಶನ್ ಬೋನಸ್ ಅನ್ನಿ. ಪ್ಲೇಗ್ ಇಳಿಯಿತು, ಬೋನಸ್ ನಿಲ್ಲಿಸ್ತೀವಿ ಅಂದರು. ಯುದ್ಧದಿಂದ ಏರಿದ್ದ ಬೆಲೆ ಮಾತ್ರ ಇಳಿದಿರಲಿಲ್ಲ. ನೇಕಾರರು ಶೇ. 50 ಏರಿಕೆ ಕೇಳಿದರು, ಮಾಲೀಕರು 20 ಅಂದರು. ಗಾಂಧೀಜಿ ಮತ್ತು ಜೊತೆಗಾರರು ಜೀವನದ ಖರ್ಚು ವಿಚಾರಿಸಿ, ಬೊಂಬಾಯಿ ಗಿರಣಿಗಳ ಕೂಲಿಯನ್ನೂ ಪಕ್ಕಕ್ಕಿಟ್ಟು ನೋಡಿ, 35 ಸರಿ ಅಂತ ತೀರ್ಮಾನಿಸಿದರು. ನನಗೆ ಮುಖ್ಯ ಅನ್ನಿಸೋದು ಇದು: ಅಲ್ಲಿ ಎರಡು ಊರುಗಳನ್ನು ಹೋಲಿಸಿದವರು ಕೂಲಿ ಪಡೆಯೋರ ಪರ ಇದ್ದರು. ನಮ್ಮ ಶೀಟು ತಯಾರಾಗೋದು ಕೊಡೋರ ಮೇಜಿನ ಮೇಲೆ ಮಾತ್ರ.

ಫೆಬ್ರವರಿ 22ಕ್ಕೆ ಲಾಕೌಟ್. ಮಾರ್ಚ್ 15ಕ್ಕೆ ಗಾಂಧೀಜಿ ಉಪವಾಸ ಕೂತರು. ಮಾಲೀಕರ ಕಡೆ ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಕಡೆ ಅವರ ಸ್ವಂತ ಅಕ್ಕ ಅನಸೂಯಾ! ಮಾರ್ಚ್ 18ರ ರಾಜಿಯಂತೂ ತಮಾಷೆಯಾಗಿದೆ. ಮೊದಲ ದಿನ 35, ಎರಡನೇ ದಿನ 20, ಆಮೇಲೆ ತೀರ್ಪು ಬರೋವರೆಗೆ 27.5. ಇಬ್ಬರ ಮಾತೂ ಒಂದೊಂದು ದಿನ ಉಳೀತು. ಕೊನೆಗೆ ಮಧ್ಯಸ್ಥರಾಗಿದ್ದ ಆನಂದಶಂಕರ ಧ್ರುವ ಕೊಟ್ಟ ತೀರ್ಪು: ಶೇ. 35.