ಸಂಘಟಿತ ಅಪರಾಧದ ಅಧ್ಯಯನ: ರಾಯಚೂರು ಸೀಮೆ

ಕೃಷ್ಣಾ-ತುಂಗಭದ್ರಾ ನಡುವಿನ ಸೀಮೆಯಲ್ಲಿ ಗುಂಪು ಕಟ್ಟಿ ನಡೆಸುವ ಅಪರಾಧದ ಅಧ್ಯಯನಕ್ಕೆ ಎರಡು ಘಟ್ಟಗಳಿವೆ. ಮೊದಲನೆಯದು ಅಪರಾಧಿಯ ಕುಲ ಹುಡುಕಿತು. ಎರಡನೆಯದು ಹಣ ಎಲ್ಲಿಗೆ ಹೋಗುತ್ತದೆಂದು ನೋಡಿತು.

ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಪ್ರಕಟಿಸಿದರು. 1841ರಲ್ಲಿ ಅವರು ದೇವದುರ್ಗದ ಎದುರು, ಕೃಷ್ಣೆಯ ಆಚೆಗಿರುವ ಸುರಪುರ ಸಂಸ್ಥಾನಕ್ಕೆ ಬಂದು, 1853ರವರೆಗೆ ಅಲ್ಲಿನ ಆಡಳಿತ ನೋಡಿಕೊಂಡರು. ಠಕ್ಕರೆಂದರೆ ವಂಶಪಾರಂಪರ್ಯವಾಗಿ ಕೊಲೆ ಮಾಡುವ ಪಂಥ ಎಂಬ ಕಲ್ಪನೆ ಇಂಥ ಬರಹಗಳಿಂದ, ಠಕ್ಕರ ದಮನದ ಹೊಣೆ ಹೊತ್ತಿದ್ದ ಬ್ರಿಟಿಷ್ ಅಧಿಕಾರಿ ಸ್ಲೀಮನ್ ಅವರ ಕಡತಗಳಿಂದ ಜಗತ್ತಿಗೆ ಹರಡಿತು. ಆ ಕಡತಗಳ ಬಹುಪಾಲು, ಶಿಕ್ಷೆಯಿಂದ ಪಾರಾಗಲು ಮಾಫಿ ಸಾಕ್ಷಿಗಳಾದವರು ಕೊಟ್ಟ ಹೇಳಿಕೆ. ಕಿಮ್ ವ್ಯಾಗ್ನರ್ 2007ರ ತಮ್ಮ ಗ್ರಂಥದಲ್ಲಿ ಅವನ್ನೇ ಮರಳಿ ಓದಿ, ಠಕ್ಕರ ಬೆನ್ನಿಗಿದ್ದ ಜಮೀನ್ದಾರರನ್ನೂ ಅವರಿಗೆ ಸಲ್ಲುತ್ತಿದ್ದ ಪಾಲನ್ನೂ ಮುಂದಕ್ಕೆ ತಂದರು.

ಕುಲ ಹುಡುಕುವ ದೃಷ್ಟಿಯ ಕ್ರೂರ ಫಲ 1871ರ ಅಪರಾಧಿ ಬುಡಕಟ್ಟು ಕಾಯ್ದೆ. ಹುಟ್ಟಿನಿಂದಲೇ ಅಪರಾಧಿಗಳೆಂದು ಇಡೀ ಸಮುದಾಯಗಳ ಹೆಸರು ಪೊಲೀಸ್ ದಫ್ತರಕ್ಕೆ ಏರಿತು; ಕಾಯ್ದೆ ರದ್ದಾದದ್ದು 1952ರಲ್ಲಿ. ಮದ್ರಾಸ್ ಪ್ರಾಂತದ ಕೊರವರ ಕುರಿತ ಮೀನಾ ರಾಧಾಕೃಷ್ಣ ಅವರ ಸಂಶೋಧನೆ (2001), ಉಪ್ಪು-ಕಾಳು ಹೇರಿಕೊಂಡು ಊರೂರು ಸುತ್ತುತ್ತಿದ್ದ ಜನರ ವ್ಯಾಪಾರವನ್ನು ರೈಲು ಮತ್ತು ಸರ್ಕಾರದ ಉಪ್ಪಿನ ನೀತಿ ಹೇಗೆ ಕಿತ್ತುಕೊಂಡವು ಎಂದು ತೋರಿಸಿತು. ಈ ವಿಷಯಕ್ಕೆ ಕೈಹಾಕುವ ಯಾರೇ ಆದರೂ ಅದನ್ನು ಮೊದಲು ಓದಬೇಕು.

ಎರಡನೆಯ ಘಟ್ಟಕ್ಕೆ ಹೊರಗಿನ ಪ್ರೇರಣೆಯೂ ಇತ್ತು. ಜಾನ್ ಲ್ಯಾಂಡೆಸ್ಕೊ 1929ರಲ್ಲಿ ಶಿಕಾಗೊದ ಗುಂಪುಗಳಿಗೂ ರಾಜಕಾರಣಕ್ಕೂ ಇದ್ದ ನಂಟು ದಾಖಲಿಸಿದರು. ಸಿಸಿಲಿಯ ಮಾಫಿಯಾ ಮಾರುವ ಸರಕು ರಕ್ಷಣೆಯೇ ಎಂದು ಡಿಯಾಗೊ ಗ್ಯಾಂಬೆಟ್ಟಾ 1993ರಲ್ಲಿ ವಾದಿಸಿದರು. ಕರ್ನಾಟಕದಲ್ಲಿ ಅಂಥ ನೋಟಕ್ಕೆ ಗಟ್ಟಿ ಆಧಾರ ಒದಗಿಸಿದ್ದು ವಿಶ್ವವಿದ್ಯಾಲಯವಲ್ಲ, ಲೋಕಾಯುಕ್ತ. ಬಳ್ಳಾರಿಯ ಅದಿರಿನ ಬಗ್ಗೆ ನ್ಯಾ. ಸಂತೋಷ್ ಹೆಗ್ಡೆ 2011ರಲ್ಲಿ ಸಲ್ಲಿಸಿದ ವರದಿ, ಪರ್ಮಿಟ್ ಇಲ್ಲದ ಲಾರಿಗಳು ಯಾರ ಅಭಯದಲ್ಲಿ ಬಂದರು ತಲುಪುತ್ತಿದ್ದವೆಂದು ಹಂತಹಂತವಾಗಿ ಬಿಡಿಸಿತು.

ರಾಯಚೂರಿನಲ್ಲಿ ಇಂದು ಆ ಪ್ರಶ್ನೆ ಕೇಳಬೇಕಾದದ್ದು ಉಸುಕಿಗೆ. ದೇವದುರ್ಗಕ್ಕೆ ಕೃಷ್ಣೆ, ಮಾನ್ವಿಗೆ ತುಂಗಭದ್ರೆ. ಎರಡೂ ಕಡೆ ಅಕ್ರಮ ಮರಳು ದಂಧೆಯ ದೂರು ಹಳೆಯದು. 2018ರ ಡಿಸೆಂಬರ್‌ನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಮರಳು ಲಾರಿ ತಡೆಯಲು ಹೋದ ಗ್ರಾಮ ಲೆಕ್ಕಾಧಿಕಾರಿಯೊಬ್ಬರು ಅದರಡಿ ಸಿಕ್ಕಿ ಜೀವ ಕಳೆದುಕೊಂಡರು. ಸರ್ಕಾರದ ಕೆಲಸದಲ್ಲೇ ಸತ್ತ ಆ ನೌಕರನ ಪ್ರಕರಣ ಒಬ್ಬ ಚಾಲಕನ ಕಥೆಯಾಗಿ ಮುಗಿಯಬಾರದು: ಲಾರಿ ಯಾರದು, ಬಂಡವಾಳ ಯಾರದು, ಉಸುಕು ಯಾವ ಕಟ್ಟಡಕ್ಕೆ ಹೊರಟಿತ್ತು ಎಂಬುದೇ ಅಧ್ಯಯನದ ವಸ್ತು. ಬಾರ್ಬರಾ ಹ್ಯಾರಿಸ್-ವೈಟ್ ಮತ್ತು ಲೂಸಿಯಾ ಮಿಕೆಲುಟ್ಟಿ ಸಂಪಾದಿಸಿದ ‘ದಿ ವೈಲ್ಡ್ ಈಸ್ಟ್’ (2019) ಗ್ರಂಥದಲ್ಲಿ ಜೆ. ಜೆಯರಂಜನ್ ತಮಿಳುನಾಡಿನ ಮರಳನ್ನು ಈ ದಾರಿಯಲ್ಲೇ ಪರಿಶೀಲಿಸಿದ್ದಾರೆ.

ಕಾನೂನಿನ ದಾಖಲೆಯನ್ನಷ್ಟೇ ನಂಬಿದರೆ ಈ ಜಾಲ ಕಾಣಿಸುವುದಿಲ್ಲ. ಕರ್ನಾಟಕದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯಾದ ಕೋಕಾ (2000), 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಎರಡೂ ಹಿಂದಿನ 10 ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಕೇಳುತ್ತವೆ. ಆದರೆ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ 23ಎ ಕಲಂನಡಿ ದಂಡ ಕಟ್ಟಿ ರಾಜಿಯಾಗಲು ಅವಕಾಶವಿದೆ. ಹಾಗೆ ಮುಗಿದ ಪ್ರಕರಣದಲ್ಲಿ ಟ್ರ್ಯಾಕ್ಟರ್ ಬಿಡುಗಡೆಯಾಗುತ್ತದೆ, ಆರೋಪಪಟ್ಟಿ ಹುಟ್ಟದೆಯೇ ಹೋಗಬಹುದು.