ಶಿಫಾಖಾನೆಯ ಬಾಗಿಲು ಯಾರಿಗೆ ತೆರೆದಿತ್ತು?

ಕೆಲವು ತಿಂಗಳ ಹಿಂದೆ, ಜುಮಾ ನಮಾಝಿನ ನಂತರ, ವರ್ತೂರಿನ ನಮ್ಮ ಮಸೀದಿಯ ಮೆಟ್ಟಿಲ ಬಳಿ ಒಬ್ಬ ಗಾರೆ ಕೆಲಸಗಾರ ನಿಂತಿದ್ದ. ಊರು ಬೀದರ್ ಕಡೆಯದು. ಮುಂಗಡ ಹಣ ಕಟ್ಟಲಾಗದ ಕಾರಣ ಆಸ್ಪತ್ರೆಯೊಂದು ಅವನ ಹೆಂಡತಿಯನ್ನು ದಾಖಲಿಸಿಕೊಂಡಿರಲಿಲ್ಲ. ಹಣ ಸಂಗ್ರಹಿಸಲು ಹೊರಟಾಗ ನಮ್ಮವರೇ ಒಬ್ಬರು, "ಇವನು ನಮ್ಮ ಜಮಾಅತಿನವನಲ್ಲವಲ್ಲ?" ಎಂದರು. ಹಣವೇನೋ ಸೇರಿತು, ಆಕೆ ಗುಣಮುಖಳೂ ಆದಳು, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ರೋಗಿಯ ಪಾಲಿಗೆ ಬಾಗಿಲು ತೆರೆಯುವ ಮೊದಲು ಹಿಂದಿನವರು ಏನನ್ನು ಕೇಳುತ್ತಿದ್ದರು?

ಗ್ರೀಸ್ ದೇಶದ ಎಪಿಡಾರಸ್‌ನಲ್ಲಿ 1881ರಲ್ಲಿ ಪುರಾತತ್ತ್ವಜ್ಞ ಕವ್ವಾದಿಯಾಸ್ ಉತ್ಖನನ ಆರಂಭಿಸಿದರು. ಗ್ರೀಕರು ವೈದ್ಯದೇವತೆಯೆಂದು ಪೂಜಿಸುತ್ತಿದ್ದ ಅಸ್ಕ್ಲೀಪಿಯಸ್‌ನ ಆಲಯ ಮಣ್ಣಿನಡಿಯಿಂದ ಹೊರಬಂದಿತು. ರೋಗಿಗಳು ರಾತ್ರಿ ಮಲಗುತ್ತಿದ್ದ ಉದ್ದನೆಯ ಪಡಸಾಲೆಯೂ ದೊರೆಯಿತು. ಕನಸಿನಲ್ಲಿ ದೇವತೆ ಬಂದು ಗುಣಪಡಿಸುವನೆಂಬುದು ಅವರ ನಂಬಿಕೆ. ಗುಣವಾದವರ ಹೆಸರು, ಊರು, ಕಾಯಿಲೆಗಳನ್ನು ಕೆತ್ತಿದ ಕಲ್ಲುಗಳೂ ಸಿಕ್ಕವು. ಆದರೆ ಎರಡನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ಇನ್ನೊಂದು ಸಂಗತಿಯನ್ನು ದಾಖಲಿಸಿದ್ದಾನೆ: ಆ ಆವರಣದೊಳಗೆ ಯಾರೂ ಸಾಯುವಂತಿರಲಿಲ್ಲ, ಯಾವ ಹೆಣ್ಣೂ ಹೆರುವಂತಿರಲಿಲ್ಲ. ಅಂದರೆ ಆಸರೆ ಅತ್ಯಂತ ಅಗತ್ಯವಾಗಿದ್ದವರೇ ಹೊರಗುಳಿದರು. ಕೊನೆಗೆ ರೋಮನ್ ಸೆನೆಟರ್ ಒಬ್ಬ ಅಂಥವರಿಗಾಗಿ ಪ್ರತ್ಯೇಕ ಮನೆಯೊಂದನ್ನು ಕಟ್ಟಿಸಬೇಕಾಯಿತು.

ಇಂತಹದೇ ಆಲಯವಿದ್ದ ಪೆರ್ಗಮಮ್ ನಗರದವನು ಗ್ಯಾಲನ್, ನಮ್ಮ ಯುನಾನಿ ಹಕೀಮರ ಜಾಲೀನೂಸ್. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವಿದ್ವಾಂಸರು ಅವನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬಿ ಭಾಷೆಗಳಿಗೆ ತಂದರು. ಮುಸ್ಲಿಮರು ಗ್ರೀಕರ ದೇವತೆಯನ್ನು ಬಿಟ್ಟು ಅವರ ವೈದ್ಯವಿದ್ಯೆಯನ್ನು ಸ್ವೀಕರಿಸಿದರು. ಅದಕ್ಕೆ ವಕ್ಫ್‌ನ ಆಧಾರವನ್ನೂ ಕೊಟ್ಟರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆ ಬಡವ–ಬಲ್ಲಿದ, ಗಂಡು–ಹೆಣ್ಣು ಎಂಬ ಭೇದವಿಲ್ಲದೆ ತೆರೆದಿತ್ತು.

ನಮ್ಮ ಕನ್ನಡ ನಾಡಿನಲ್ಲೂ ಇದರ ಸಾಕ್ಷ್ಯಗಳಿವೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಆ ಶೈವ ಮಠವನ್ನು ವರ್ಣಿಸುತ್ತದೆ. ಅಲ್ಲಿ ಕುರುಡರಿಗೆ, ಕುಂಟರಿಗೆ, ಕಿವುಡರಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೆ ಅನ್ನ ದೊರೆಯುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಆಶ್ರಯವೂ ಚಿಕಿತ್ಸೆಯೂ ಇದ್ದವು. ಬೀದರಿನಲ್ಲಿ ಬಹಮನಿ ಸುಲ್ತಾನ ಎರಡನೇ ಅಲಾಉದ್ದೀನ್ ಅಹ್ಮದ್ ಷಾ (1436–1458) ದಾರುಶ್ಶಿಫಾ ಕಟ್ಟಿಸಿದರು. ಔಷಧ ಮತ್ತು ಆಹಾರದ ವೆಚ್ಚಕ್ಕೆ ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟು, ಮುಸ್ಲಿಮ್ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಿದರು. ಮುಂದೆ ಬಿಜಾಪುರದ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫಿರಿಶ್ತಾ ಇದನ್ನು ತಿಳಿಸಿದ್ದಾನೆ.

ಓದುಗರೇ, ಆರು ಶತಮಾನಗಳ ಹಿಂದೆ ಹೊರಗಿನವರಿಗೂ ಬಾಗಿಲು ತೆರೆದಿದ್ದ ಬೀದರಿನಿಂದಲೇ ಆ ಕೂಲಿಕಾರ ಬಂದಿದ್ದ. ನಾವೋ ಅವನ ಜಮಾಅತು ಯಾವುದೆಂದು ಕೇಳಿದೆವು! ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂಬುದು ಪವಿತ್ರ ಕುರ್‌ಆನಿನ ಬೋಧನೆ. ಆ ಬೋಧನೆಯಲ್ಲಿ ಜೀವಕ್ಕೆ ಊರಿನ ಹೆಸರಿಲ್ಲ, ಜಮಾಅತಿನ ಹೆಸರೂ ಇಲ್ಲ.

ವರ್ತೂರಿನ ಸುತ್ತ ಗಗನಚುಂಬಿ ಕಟ್ಟಡಗಳನ್ನು ಕಟ್ಟುತ್ತಿರುವವರು ಇಂತಹ ಪರವೂರಿನವರೇ. ಪ್ರತಿ ಮಸೀದಿಯಲ್ಲೂ ರೋಗಿಗಳಿಗಾಗಿ ಒಂದು ಸಣ್ಣ ನಿಧಿ ಇರಲಿ. ಅದರ ಅರ್ಜಿಯಲ್ಲಿ ಒಂದೇ ಪ್ರಶ್ನೆ ಇರಲಿ: ಕಾಯಿಲೆ ಏನು? ಅಲ್ಲಾಹನು ನಮ್ಮ ಹೃದಯದ ಬಾಗಿಲುಗಳನ್ನು ವಿಶಾಲಗೊಳಿಸಲಿ. ಆಮೀನ್.