ಪ್ರಥಮ ಮಹಾಯುದ್ಧದ ಫಿರಂಗಿಗಳೂ ಯುದ್ಧಯೋಜನೆಯ ಪಾಠಗಳೂ

ಯುದ್ಧಚರಿತ್ರೆಯನ್ನು ಓದುವವರು ಸಾಮಾನ್ಯವಾಗಿ ಸೇನಾಪತಿಗಳ ನಿರ್ಧಾರಗಳಿಗೂ ಕಾಲಾಳುಗಳ ಸಾಹಸಕ್ಕೂ ಕೊಡುವಷ್ಟು ಗಮನವನ್ನು ಫಿರಂಗಿಗಳ ಲೆಕ್ಕಾಚಾರಕ್ಕೆ ಕೊಡುವುದಿಲ್ಲ. ಆದರೆ 1914ರಿಂದ 1918ರವರೆಗೆ ಫ್ರಾನ್ಸಿನ ನೆಲದಲ್ಲಿ ನಡೆದ ಕಂದಕಗಳ ಯುದ್ಧದಲ್ಲಿ ಸೋಲುಗೆಲವುಗಳನ್ನು ಬಹುಮಟ್ಟಿಗೆ ನಿರ್ಣಯಿಸಿದುದು ಫಿರಂಗಿಯೇ. ಬ್ರಿಟಿಷ್ ಸೇನೆಯ ಆ ನಾಲ್ಕು ವರ್ಷಗಳ ಅನುಭವದಲ್ಲಿ ಇಂದಿನ ಯುದ್ಧಯೋಜಕರಿಗೆ ಪಾಠಗಳುಂಟು. ಅದಕ್ಕಿಂತಲೂ ಮುಖ್ಯವಾಗಿ, ಕಳೆದ ಕಾಳಗದಿಂದ ಪಾಠವನ್ನು ಹೇಗೆ ಕಲಿಯಬೇಕು, ಹೇಗೆ ಕಲಿಯಬಾರದು ಎಂಬುದಕ್ಕೆ ಅದು ಉತ್ತಮ ನಿದರ್ಶನವಾಗಿದೆ.

1915ನೆಯ ಮಾರ್ಚ್ 10ರಂದು ನವ್ ಷಾಪೆಲ್ ಗ್ರಾಮದ ಮೇಲೆ ನಡೆದ ದಾಳಿಯಿಂದ ಈ ವಿಚಾರವನ್ನು ಆರಂಭಿಸಬಹುದು. ಭಾರತೀಯ ಸೈನಿಕರಿದ್ದ ಮೀರತ್ ಡಿವಿಜನ್ ಈ ದಾಳಿಯಲ್ಲಿ ಮುಂಚೂಣಿಯಲ್ಲಿತ್ತು. ಕಿರಿದಾದ ರಂಗದ ಮೇಲೆ ಬಹು ಫಿರಂಗಿಗಳನ್ನು ಕಲೆಹಾಕಿ 35 ನಿಮಿಷಗಳ ಕಾಲ ಗುಂಡಿನ ಮಳೆಗರೆಯಲಾಯಿತು. ಗ್ರಾಮವು ಅದೇ ದಿನ ಕೈಸೇರಿತು. ಆದರೆ ಮುಂದುವರಿಯುವುದು ಸಾಧ್ಯವಾಗದೆ ಮಾರ್ಚ್ 13ರಂದು ಕಾಳಗ ನಿಂತಿತು. ಎರಡು ತಿಂಗಳ ಅನಂತರ, ಮೇ 9ರಂದು, ಸಮೀಪದ ಓಬೆರ್ ದಿಬ್ಬದ ಮೇಲೆ ಹೆಚ್ಚುಕಡಿಮೆ ಅದೇ ರೀತಿ 40 ನಿಮಿಷಗಳ ಗುಂಡಿನ ದಾಳಿ ನಡೆಯಿತು. ಈ ನಡುವೆ ಜರ್ಮನರು ತಮ್ಮ ರಕ್ಷಣೆಯನ್ನು ಬಲಪಡಿಸಿಕೊಂಡಿದ್ದರು. ಕಂದಕದ ಪ್ರತಿ ಗಜಕ್ಕೆ ಬಿದ್ದ ಗುಂಡಿನ ತೂಕವೋ ಮೊದಲಿಗಿಂತ ಬಹಳ ಕಡಿಮೆಯಾಗಿತ್ತು. ಒಂದೇ ದಿನದಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ ಬ್ರಿಟಿಷ್ ಪಕ್ಷದಲ್ಲಿ 11 ಸಾವಿರಕ್ಕೂ ಹೆಚ್ಚು ಮಂದಿ ನಷ್ಟವಾದರು. ಅವಧಿಯನ್ನು ಅನುಕರಿಸಿದ್ದರೇ ಹೊರತು ಸಾಂದ್ರತೆಯನ್ನು ಅನುಕರಿಸಿರಲಿಲ್ಲ.

ಈ ವೈಫಲ್ಯಕ್ಕೆ ಹಿನ್ನೆಲೆಯಾಗಿ ಮದ್ದುಗುಂಡುಗಳ ಅಭಾವವಿತ್ತು. ಯುದ್ಧ ಬೇಗ ಮುಗಿಯುವುದೆಂಬ ನಿರೀಕ್ಷೆಯ ಮೇಲೆಯೇ ಶಾಂತಿಕಾಲದ ದಾಸ್ತಾನು ರೂಪುಗೊಂಡಿತ್ತು. 1914ರ ಆಗಸ್ಟಿನಲ್ಲಿ ಬ್ರಿಟಿಷರ 18 ಪೌಂಡಿನ ಫಿರಂಗಿಗೆ ಇದ್ದುದು ಶ್ರಾಪ್ನೆಲ್ ಗುಂಡು ಮಾತ್ರ. ಬಯಲಿನಲ್ಲಿ ನಡೆದು ಬರುವ ಸೈನಿಕರಿಗೆ ಅದು ಮಾರಕವಾಗಿದ್ದರೂ ಕಂದಕದೊಳಗೆ ಅಡಗಿದವರನ್ನು ಮುಟ್ಟಲಾರದು. 1915ರ ಮೇ 14ರಂದು ಲಂಡನ್ನಿನ ಟೈಮ್ಸ್ ಪತ್ರಿಕೆ ಗುಂಡುಗಳ ಕೊರತೆಯನ್ನು ಬಹಿರಂಗಪಡಿಸಿತು. ಅದೇ ತಿಂಗಳಿನಲ್ಲಿ ಸಂಯುಕ್ತ ಸರ್ಕಾರ ಏರ್ಪಟ್ಟು, ಲಾಯ್ಡ್ ಜಾರ್ಜರ ಕೈಕೆಳಗೆ ಮದ್ದುಗುಂಡುಗಳಿಗಾಗಿಯೇ ಪ್ರತ್ಯೇಕ ಸಚಿವಶಾಖೆ ಹುಟ್ಟಿತು. ಖಾಸಗಿ ಕಾರ್ಖಾನೆಗಳು ಸರ್ಕಾರದ ಹತೋಟಿಗೆ ಬಂದುವು. ಲಕ್ಷಾಂತರ ಸ್ತ್ರೀಯರು ಯಂತ್ರಗಳ ಮುಂದೆ ನಿಂತರು.

ಇಷ್ಟಾದರೂ ಸಮಸ್ಯೆ ಪರಿಹಾರವಾಗಲಿಲ್ಲ. 1916ನೆಯ ಜೂನ್ 24ರಿಂದ ಏಳು ದಿನ ಸೊಮ್ ರಂಗದ ಮೇಲೆ ಸುಮಾರು 15 ಲಕ್ಷ ಗುಂಡುಗಳು ಬಿದ್ದುವು. ಜುಲೈ 1ರಂದು ಕಾಲಾಳುಗಳು ಮುನ್ನುಗ್ಗಿದಾಗ ಮುಳ್ಳುತಂತಿ ಅನೇಕ ಕಡೆ ಹಾಗೆಯೇ ಇತ್ತು. ಆಳವಾದ ನೆಲಮಾಳಿಗೆಗಳಿಂದ ಜರ್ಮನ್ ಮೆಷಿನ್‌ಗನ್‌ಗಳು ಹೊರಬಂದುವು. ಅಂದು ಒಂದೇ ದಿನದಲ್ಲಿ ಬ್ರಿಟಿಷ್ ಸೇನೆಗಾದ ನಷ್ಟ 57,470. ಅವರಲ್ಲಿ ಮಡಿದವರು 19,240 ಮಂದಿ. ಇದರ ಕಾರಣಗಳು ಸ್ಪಷ್ಟವಾಗಿವೆ. ಅವಸರದ ತಯಾರಿಕೆಯಿಂದಾಗಿ ಅನೇಕ ಗುಂಡುಗಳು ಸಿಡಿಯಲೇ ಇಲ್ಲ. ಸಿಡಿದವುಗಳಲ್ಲಿಯೂ ಬಹುಭಾಗ ಶ್ರಾಪ್ನೆಲ್. ಮಿಗಿಲಾಗಿ, ರಾಲಿನ್‌ಸನ್ನರ ಮೊದಲ ಯೋಜನೆಯಲ್ಲಿ ಗುರಿಗಳು ಮಿತವಾಗಿದ್ದುವು. ಸರ್ವಸೇನಾಪತಿ ಹೇಗ್ ಅವನ್ನು ಶತ್ರುವಿನ ಎರಡನೆಯ ಸಾಲಿನವರೆಗೆ ವಿಸ್ತರಿಸಿದರು. ಗುಂಡುಗಳ ಮೊತ್ತ ದೊಡ್ಡದಾಗಿದ್ದರೂ ಅದು ಅತಿವಿಶಾಲವಾದ ನೆಲದ ಮೇಲೆ ಹಂಚಿಹೋಯಿತು.

ಮುಂದಿನ ಎರಡು ವರ್ಷಗಳಲ್ಲಿ ಆದ ಬದಲಾವಣೆಯೇ ಇಲ್ಲಿ ವಿಶೇಷ ಗಮನಾರ್ಹ. 18 ಪೌಂಡಿನ ಫಿರಂಗಿ ಮೊದಲಿನದೇ. ಬೆಳೆದುದು ಅದನ್ನು ಬಳಸುವ ಜ್ಞಾನ. ಮುಟ್ಟಿದೊಡನೆ ಸಿಡಿಯುವ 106ನೆಯ ಸಂಖ್ಯೆಯ ಫ್ಯೂಜ್ ಬಳಕೆಗೆ ಬಂದು, ಗುಂಡು ಮಣ್ಣಿನಲ್ಲಿ ಹುದುಗುವ ಮೊದಲೇ ತಂತಿಯನ್ನು ಕತ್ತರಿಸತೊಡಗಿತು. ಭೌತಶಾಸ್ತ್ರದಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ ಲಾರೆನ್ಸ್ ಬ್ರಾಗ್ ಮುಂತಾದವರ ಪರಿಶ್ರಮದಿಂದ, ಶಬ್ದವು ಬೇರೆಬೇರೆ ಸ್ಥಳಗಳನ್ನು ತಲಪುವ ಕಾಲವ್ಯತ್ಯಾಸವನ್ನು ಅಳೆದು ಶತ್ರುವಿನ ಫಿರಂಗಿಯ ನೆಲೆಯನ್ನು ಗುರುತಿಸುವ ವಿಧಾನ ಸಿದ್ಧವಾಯಿತು. ನಿಖರವಾದ ನಕ್ಷೆ, ವಾಯುವಿನ ವೇಗ ಮತ್ತು ಉಷ್ಣತೆ, ಪ್ರತಿಯೊಂದು ನಳಿಗೆಯ ಸವೆತ, ಇವೆಲ್ಲ ಲೆಕ್ಕಕ್ಕೆ ಸೇರಿದುವು. ಪರಿಣಾಮವಾಗಿ 1917ನೆಯ ನವೆಂಬರ್ 20ರಂದು ಕಾಂಬ್ರೆಯಲ್ಲಿ ಸುಮಾರು 1,000 ಫಿರಂಗಿಗಳು ಗುರಿನೋಡುವ ಗುಂಡುಗಳನ್ನು ಮುಂಚೆ ಹಾರಿಸದೆಯೇ ಒಮ್ಮೆಗೇ ಗರ್ಜಿಸಿದುವು. 1918ನೆಯ ಆಗಸ್ಟ್ 8ರಂದು ಆಮಿಯೇನ್ ಬಳಿ, ಎದುರಿದ್ದ ಜರ್ಮನರ 530 ಫಿರಂಗಿಗಳಲ್ಲಿ 504ರ ನೆಲೆ ದಾಳಿಗೆ ಮೊದಲೇ ತಿಳಿದಿತ್ತು.

ಹಾಗೆಂದು ಜ್ಞಾನವಿದ್ದರೆ ಪರಿಮಾಣ ಬೇಡವೆಂದು ಭಾವಿಸುವುದು ಸರಿಯಲ್ಲ. ಅದೇ ವರ್ಷದ ಸೆಪ್ಟೆಂಬರ್ 29ಕ್ಕೆ ಮುಗಿದ 24 ಗಂಟೆಗಳಲ್ಲಿ ಬ್ರಿಟಿಷ್ ಫಿರಂಗಿಗಳು ಹಾರಿಸಿದ ಗುಂಡುಗಳು 9 ಲಕ್ಷಕ್ಕೂ ಹೆಚ್ಚು. ಕಾರ್ಖಾನೆ ಮತ್ತು ಗಣಿತ ಎರಡೂ ಕೂಡಿದಾಗಲೇ ಜಯ ಲಭಿಸಿತು.

ಈ ಮಾತು ಇಂದಿಗೂ ಸಲ್ಲುತ್ತದೆ. 1999ರ ಕಾರ್ಗಿಲ್ ಹೋರಾಟದಲ್ಲಿ ನಮ್ಮ 155 ಮಿಲಿಮೀಟರಿನ ಬೋಫೋರ್ಸ್ ಫಿರಂಗಿಗಳು ಶಿಖರಗಳ ಮೇಲಿನ ನೆಲೆಗಳನ್ನು ಒಡೆಯುವುದರಲ್ಲಿ ಮಹತ್ತ್ವದ ಪಾತ್ರ ವಹಿಸಿದುವು. ಆದರೆ ಎದುರಾಳಿಯ ಫಿರಂಗಿಗಳನ್ನು ಪತ್ತೆಮಾಡುವ ರೇಡಾರಿನ ಕೊರತೆ ಎದ್ದುಕಂಡಿತು. ಅನಂತರ ಬೆಂಗಳೂರಿನ ರಕ್ಷಣಾ ಸಂಶೋಧನಾಲಯದಲ್ಲಿ ರೂಪುಗೊಂಡ ‘ಸ್ವಾತಿ’ ರೇಡಾರು, ಬ್ರಾಗ್ ಮುಂತಾದವರು ಶಬ್ದದಿಂದ ಸಾಧಿಸಿದ ಕಾರ್ಯವನ್ನೇ ವಿದ್ಯುತ್ಕಾಂತ ತರಂಗಗಳಿಂದ ಸಾಧಿಸುತ್ತದೆ. 2022ರಲ್ಲಿ ಆರಂಭವಾದ ಯುಕ್ರೇನಿನ ಮಹಾಸಂಗ್ರಾಮ 1915ರ ಕೊರತೆಯನ್ನು ಮತ್ತೆ ನೆನಪಿಗೆ ತಂದಿತು. ಒಂದು ವರ್ಷದೊಳಗೆ 10 ಲಕ್ಷ ಗುಂಡುಗಳನ್ನು ಕೊಡುವುದಾಗಿ 2023ರ ಮಾರ್ಚಿನಲ್ಲಿ ಮಾತುಕೊಟ್ಟ ಯೂರೋಪಿಯನ್ ಒಕ್ಕೂಟ, 2024ರ ಮಾರ್ಚಿನ ವೇಳೆಗೆ ಕೊಡಲಾದುದು ಸರಿಸುಮಾರು ಅರ್ಧದಷ್ಟನ್ನು. ಸಂಪತ್ತಿದ್ದ ಮಾತ್ರಕ್ಕೆ ಕಾರ್ಖಾನೆ ತಿಂಗಳೊಪ್ಪತ್ತಿನಲ್ಲಿ ಏಳುವುದಿಲ್ಲ.

ಚರಿತ್ರೆ ಯುದ್ಧಯೋಜಕನಿಗೆ ಸಿದ್ಧಸೂತ್ರಗಳನ್ನು ಕೊಡುವುದಿಲ್ಲ. ನವ್ ಷಾಪೆಲ್‌ನಿಂದ 35 ನಿಮಿಷಗಳೆಂಬ ಸಂಖ್ಯೆಯನ್ನು ಮಾತ್ರ ತೆಗೆದುಕೊಂಡವರು ಓಬೆರ್ ದಿಬ್ಬದಲ್ಲಿ ಸೋತರು. ಓಬೆರ್ ದಿಬ್ಬದಿಂದ ‘ಇನ್ನೂ ಹೆಚ್ಚು ಹೊತ್ತು, ಇನ್ನೂ ಹೆಚ್ಚು ಗುಂಡು’ ಎಂಬ ಪಾಠವನ್ನಷ್ಟೇ ಕಲಿತವರು ಸೊಮ್ ನದಿಯ ಪ್ರಾಂತದಲ್ಲಿ ಅದಕ್ಕಿಂತ ದೊಡ್ಡ ಬೆಲೆ ತೆತ್ತರು. ಆ ಬೆಲೆಯನ್ನು ತೆತ್ತವರು ಯೋಜನೆಯನ್ನು ಬರೆದವರಲ್ಲ, ಕಂದಕದಿಂದ ಎದ್ದು ನಡೆದವರು. ಆದುದರಿಂದ ಗೆದ್ದ ಕಾಳಗವನ್ನು ಪರಿಶೀಲಿಸುವಾಗ ಏನು ಮಾಡಿದರು ಎಂಬುದರೊಡನೆ, ಯಾವ ಸನ್ನಿವೇಶದಲ್ಲಿ, ಯಾವ ಪ್ರಮಾಣದಲ್ಲಿ, ಏಕೆ ಅದು ಫಲಿಸಿತು ಎಂಬುದನ್ನೂ ವಿಚಾರಿಸಬೇಕು. ಚರಿತ್ರೆಯ ಅಭ್ಯಾಸದಿಂದ ಸೇನಾಶಾಸ್ತ್ರಕ್ಕೆ ಸಲ್ಲಬಹುದಾದ ಸೇವೆ ಇದೇ.